ಯಾರೂ ಅಳದ ಪ್ರಶ್ನೆ

ಸಯನ್ ಸ್ಟೇಶನ್ನಿನ ಹಿಂದಿನ ಚಾಳಿನಲ್ಲಿ ಕಾಶವ್ವನ ಖಾನಾವಳಿ ಇತ್ತು. ಖಾನಾವಳಿ ಎಂದರೆ ಒಂದೇ ಖೋಲಿ, ಎರಡು ಸ್ಟೋವು, ಹನ್ನೊಂದು ತಾಟು. ಇಂಡಿ ಕಡೆಯಿಂದ ಗಂಡನ ಬೆನ್ನಿಗೆ ರಸ್ತೆ ಕೆಲಸಕ್ಕೆ ಬಂದವಳು, ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿಯುತ್ತ ಇಲ್ಲೇ ನಿಂತಳು. ಉಣ್ಣಲು ಬರುವವರು ತನ್ನ ಸೀಮೆಯ ಹುಡುಗರು, ಹೆಚ್ಚಿನವರು ಇಂಜಿನಿಯರಿಂಗ್ ಓದುವವರು. ಕಾಶವ್ವನಿಗೆ ಸಹಿಯೊಂದನ್ನು ಬಿಟ್ಟು ಅಕ್ಷರ ಬಾರದು. ಆದರೆ ಅವಳ ಕಿವಿಗೆ ಬಿದ್ದ ಮಾತು ಬಿದ್ದಲ್ಲೇ ಉಳಿಯುತ್ತಿತ್ತು.

ಆ ಹುಡುಗರೆಲ್ಲ ಹೆದರುತ್ತಿದ್ದದ್ದು ಗಣಿತದ ಮೂರನೇ ಪೇಪರಿಗೆ. ಪ್ರತಿ ಏಪ್ರಿಲ್‌ನಲ್ಲಿ ಆ ಪೇಪರು ಬರೆದು ಬಂದವರು ತಾಟಿನ ಮುಂದೆ ಕೂತು ಗೋಳಾಡುವರು. ಕಾಶವ್ವ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಳ್ಳುವಳು. ಪುಂಡಿಪಲ್ಯ ಮಾಡಿದ ವರ್ಷ ಅಳಿಸಿದ್ದು ಫೂರಿಯೆ ಎಂಬ ಪಾಠ. ಜುಣಕದ ವರ್ಷ ಕಾಂಟೂರ್. ಹೀಗೆ ಅಡುಗೆಯ ಗುರುತಿನ ಮೇಲೆ ಆರು ವರ್ಷದ ನೆನಪು ಅವಳಲ್ಲಿ ಕೂಡಿತ್ತು. ಈ ಸಲ ಏನು ಬಂದೀತೆಂದು ಹುಡುಗರು ತಮಾಷೆಗೆ ಕೇಳತೊಡಗಿದರು. ಎರಡು ಸಲ ಅವಳು ಹೇಳಿದ್ದೇ ಬಂತು. ಆಮೇಲೆ ತಮಾಷೆ ತಮಾಷೆಯಾಗಿ ಉಳಿಯಲಿಲ್ಲ.

"ಪೇಪರ್ ತಗಿಯೋ ಪ್ರೊಫೆಸರು ಕದ್ದು ಬಂದು ನಿನ್ನ ಕಡೆ ಉಂಡು ಹೋಗತಾನೇನವ್ವ?" ಎಂದು ಕಾಡುತ್ತಿದ್ದವನು ನಿಂಗಣ್ಣ. ಕಳೆದ ವರ್ಷವೇ ಪಾಸಾಗಿ ಕುರ್ಲಾದ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದ.

ಸಾಯಬಣ್ಣನ ಮಾತು ಬೇರೆ. ಅವನು ನಿಂಗಣ್ಣನಿಗಿಂತ ಐದು ವರ್ಷ ದೊಡ್ಡವನು, ಕಂತ್ರಾಟುದಾರನೊಬ್ಬನ ಆಫೀಸಿನಲ್ಲಿ ನಕ್ಷೆ ಬಿಡಿಸುತ್ತಿದ್ದ. ಡಿಗ್ರಿಗೆ ಬಾಕಿ ಇದ್ದದ್ದು ಇದೊಂದೇ ಪೇಪರು. ಎರಡು ಸಲ ಫಾರ್ಮು ತುಂಬಿ, ಪರೀಕ್ಷೆಯ ದಿನ ಗೇಟಿನ ತನಕ ಹೋಗಿ ಹೆದರಿ ಮರಳಿದ್ದ. ಎಪ್ಪತ್ಮೂರರ ಏಪ್ರಿಲ್ ಹಳೆಯ ಸಿಲೆಬಸ್ಸಿಗೆ ಕೊನೆಯದು. ಇದೂ ತಪ್ಪಿದರೆ ಹೊಸ ಸಿಲೆಬಸ್ಸಿನಲ್ಲಿ ಎಲ್ಲವನ್ನೂ ಮೊದಲಿನಿಂದ ಓದಬೇಕು. ಅದು ಆಗದ ಮಾತೆಂದು ಅವನಿಗೂ ಗೊತ್ತಿತ್ತು.

ಹಳೆಯ ಪ್ರಶ್ನೆಪತ್ರಿಕೆಗಳು ಇದ್ದದ್ದು ಕಾಲೇಜಿನ ಲೈಬ್ರರಿಯಲ್ಲಿ. ಕಾಲೇಜು ಬಿಟ್ಟವನನ್ನು ಒಳಗೆ ಬಿಡುತ್ತಿರಲಿಲ್ಲ. ನಿಂಗಣ್ಣನನ್ನು ಕೇಳಲು ಮಾನ ಅಡ್ಡ ಬಂತು. ಪರೀಕ್ಷೆಗೆ ಎರಡು ವಾರವಿದ್ದಾಗ ಅವನು ಕಾಶವ್ವನ ಮುಂದೆ ಕೂತ.

"ಎರಡು ಪಾಠ ಉಳದಾವ, ಒಂದಕ್ಕಷ್ಟ ವ್ಯಾಳ್ಯಾ ಐತಿ. ಕಾಂಟೂರೋ, ಲಾಪ್ಲಾಸೋ? ಯಾವುದು ಬಿಡಲಿ?"

ಕಾಶವ್ವ ಕೈಯ ಹಿಟ್ಟು ಝಾಡಿಸಿ ಆರೂ ಏಪ್ರಿಲ್‌ಗಳನ್ನು ನೆನೆದಳು. "ಲಾಪ್ಲಾಸ ಅನ್ನೂ ಹೆಸರು ಪರೀಕ್ಷಾ ದಿನ ನನ್ನ ಕಿವಿಗೆ ಒಮ್ಮೆನೂ ಬಿದ್ದಿಲ್ಲಪಾ. ಕಾಂಟೂರ್ ಮೂರು ವರ್ಷ ಕೇಳೀನಿ."

ಸಾಯಬಣ್ಣ ಲಾಪ್ಲಾಸಿನ ಹಾಳೆಗಳಿಗೆ ದಾರ ಕಟ್ಟಿ ಬದಿಗಿಟ್ಟ.

ಪರೀಕ್ಷೆಯ ದಿನ ಬಂತು. ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ, ಮಧ್ಯಾಹ್ನ ಎರಡಕ್ಕೆ. ಚಾಳಿನ ಗದ್ದಲದಲ್ಲಿ ಓದಾಗದೆಂದು ಸಾಯಬಣ್ಣ ಮುಂಜಾನೆಯೇ ಹೊರಟುಹೋದ. ಹನ್ನೊಂದಕ್ಕೆ ನಿಂಗಣ್ಣ ಬಂದು ತುಟಿ ಬಿಚ್ಚದೆ ಉಣ್ಣುತ್ತಿದ್ದ.

"ಯಾಕೋ, ಬ್ಯಾಳಿಗೆ ಉಪ್ಪು ಆಗಿಲ್ಲೇನು?"

"ಬರೋಬರಿ ಐತಿ. ಬರೋಬರಿ ಇದ್ದಾಗ ಮಾತ್ಯಾಕ? ಕೆಟ್ಟ ದಿನ ಒದರತೀವಲ್ಲ."

ಕಾಶವ್ವನ ಕೈ ಹಂಚಿನ ಮೇಲೆಯೇ ನಿಂತಿತು. ರೊಟ್ಟಿ ಕರಕಾಗುವ ವಾಸನೆ ಬಂತು.

"ನಿಂಗಣ್ಣಾ, ಹ್ವಾದ ವರ್ಷ ನಿನಗ ಲಾಪ್ಲಾಸ್ ಬಂದಿತ್ತೇನು?"

"ಬರದ ಏನು? ವರ್ಷಾ ಬರತೈತಿ. ಹದಿನಾರು ಮಾರ್ಕ್ಸು, ಪುಕ್ಕಟೆ. ಅದರ ಮ್ಯಾಲೇ ನಾವೆಲ್ಲಾ ದಾಟಿದ್ದು."

"ಮತ್ತ ಒಬ್ಬರೂ ಹೇಳಲಿಲ್ಲಲ್ಲೋ."

"ಸಸಾರ ಇದ್ದದ್ದಕ್ಕ ಯಾರು ಅಳತಾರವ್ವ?"

ಆರು ವರ್ಷ ತಾನು ಕೇಳಿದ್ದು ಪ್ರಶ್ನೆಗಳನ್ನಲ್ಲ, ಅಳುವನ್ನು. ಕಾಶವ್ವ ಕರಕಾದ ರೊಟ್ಟಿ ಕೆಳಗಿಳಿಸಿದಳು. ಸ್ಟೋವು ಆರಿಸಿ, ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆ ಹರಿದು ನಿಂಗಣ್ಣನ ಮುಂದೆ ಇಟ್ಟಳು. "ಒಂದು ತಾಸಿನ್ಯಾಗ ತಲೀಗೆ ಹತ್ತೂವಷ್ಟು ಬರಿ."

ನಿಂಗಣ್ಣ ಎಡಗೈಯಲ್ಲಿ ಬರೆಯುವವನು, ಹಾಗಾಗಿ ಬಲಗೈಯ ಎಂಜಲು ಅಡ್ಡಿಯಾಗಲಿಲ್ಲ. ಎಂಟು ಫಾರ್ಮುಲಾ, ಬಿಡಿಸಿದ ಎರಡು ಲೆಕ್ಕ. ಅವನ ಪಾಳಿ ಹನ್ನೆರಡಕ್ಕೆ, ಅವನು ಹೋಗುವಂತಿಲ್ಲ. "ದಾದರದಾಗ ಪೂಲು ದಾಟಿ ಆ ಕಡಿ ಗಾಡಿ ಹತ್ತು. ಅಲ್ಲಿಂದ ಆರನೇ ಸ್ಟೇಶನ್ನು," ಎಂದ.

ಕಾಶವ್ವ ಒಬ್ಬಳೇ ದಾದರಿನ ಆ ಮೇಲ್ಸೇತುವೆ ದಾಟಿದ್ದಿಲ್ಲ. ದಾಟಿದಳು. ಎದುರಿಗೆ ನಿಂತಿದ್ದ ಗಾಡಿ ಹತ್ತಿ, ಸ್ಟೇಶನ್ನು ಎಣಿಸಿ ಬೆರಳು ಮಡಚಲು ಕೂತಳು. ಗಾಡಿ ಮೊದಲ ಸ್ಟೇಶನ್ನಿಗೆ ನಿಲ್ಲಲಿಲ್ಲ, ಎರಡನೆಯದಕ್ಕೂ ಇಲ್ಲ. ಬೆರಳು ಹಾಗೇ ಉಳಿಯಿತು. ಮಗ್ಗುಲಲ್ಲಿ ಬುಟ್ಟಿ ಹಿಡಿದು ಕೂತವಳನ್ನು ಕೇಳಿದಳು.

"ಪಾರ್ಲಾ? ಹೀ ಫಾಸ್ಟ್ ಆಹೇ, ಮಾವಶಿ. ಆತಾ ಅಂಧೇರಿ."

ಪಾರ್ಲೆಯಲ್ಲಿ ನಿಲ್ಲದ ಗಾಡಿ ಅದು. ಅಂಧೇರಿಯಲ್ಲಿ ಇಳಿದು, ಸಿಕ್ಕವರನ್ನೆಲ್ಲ ಕೇಳಿ, ಹಿಂದಕ್ಕೆ ಹೋಗುವ ಸ್ಲೋ ಗಾಡಿ ಹಿಡಿದಳು. ಕಾಲೇಜಿನ ಗೇಟು ಮುಟ್ಟಿದಾಗ ಒಂದು ಗಂಟೆಯ ಮೇಲೆ ಇಪ್ಪತ್ತು ನಿಮಿಷ. ಕಂಪೌಂಡಿನ ನೆರಳಿನಲ್ಲಿ ಸಾಯಬಣ್ಣ ಪುಸ್ತಕ ಮುಚ್ಚಿಟ್ಟು ರಸ್ತೆ ನೋಡುತ್ತಿದ್ದ. ಮನೆಗೆ ಹೋಗುವ ದಾರಿ ನೋಡುವವನ ಮುಖ ಅದು. ಹಿಂದಿನ ಎರಡು ಸಲ ಅವನು ಮರಳಿ ಬಂದಾಗಲೂ ಅವಳು ಅದನ್ನೇ ಕಂಡಿದ್ದಳು.

ಅವಳು ಹಾಳೆ ಚಾಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಾಯಬಣ್ಣ ಹಾಳೆ ಕಸಿದುಕೊಂಡ.

"ಈಗ ಬಂದು ಹೇಳತಿಯೇನವ್ವ? ನಿನ್ನ ಮಾತು ನಂಬಿ ದಾರ ಕಟ್ಟಿದ್ದೆ ನಾ."

"ತಪ್ಪು ನಂದ. ಬೈಯೂದಿದ್ರ ಸಂಜೀಕ ಕುಂತು ಬೈ. ಈಗ ಓದು."

"ನಲವತ್ತು ನಿಮಿಷದಾಗ?"

"ನಾ ಬ್ಯಾರೆ ಗಾಡಿ ಹತ್ತಿ ಅಂಧೇರಿ ನೋಡಿ ಬಂದೀನಿ. ನೀ ಗೇಟಿನ ತನಕ ಬಂದು ತಿರುಗಿ ಹೋಗಬ್ಯಾಡ."

ಅವನು ಹಾಳೆ ಬಿಡಿಸಿದ. ಕಾಶವ್ವ ಅವನಿಗೂ ರಸ್ತೆಗೂ ನಡುವೆ ನಿಂತಳು. ಗಂಟೆ ಬಾರಿಸಿತು. ಅವನ ಕಾಲು ಒಂದು ಗಳಿಗೆ ತಡೆಯಿತು, ಮತ್ತೆ ಒಳಗೆ ನಡೆಯಿತು.

ಮೂರು ತಾಸು ಅವಳು ಆ ಗೋಡೆಯ ಬದಿಯಲ್ಲೇ ಕೂತಳು. ಅಂದು ಸಂಜೆ ಖಾನಾವಳಿಗೆ ಬರುವವರು ಉಪವಾಸ ಬೀಳುತ್ತಾರೆಂಬ ನೆನಪಾಯಿತು. ಏಳಲಿಲ್ಲ.

ಐದಕ್ಕೆ ಹೊರಬಂದ ಸಾಯಬಣ್ಣ ಅವಳ ಮಗ್ಗುಲಿಗೆ ಕುಸಿದು ಕೂತ. "ಕಾಂಟೂರ್ ಸುಟ್ಟಬಿಡ್ತವ್ವ. ಅದರಾಗ—"

"ಅದು ಆಮ್ಯಾಲ. ತ್ರಾಸಿಲ್ಲದ ಬರದು ಬಂದದ್ದು ಮೊದಲ ಹೇಳು."

ಅವನು ಕಣ್ಣು ಮುಚ್ಚಿ ಒಂದೊಂದಾಗಿ ಹೇಳಿದ. ಲಾಪ್ಲಾಸಿನ ಎರಡು ಲೆಕ್ಕ ಬಂದಿದ್ದವು. ಒಂದು ಪೂರ್ತಿ ಆಗಿತ್ತು, ಇನ್ನೊಂದು ಅರ್ಧ.

ಜೂನ್ ಕೊನೆಗೆ ಫಲಿತಾಂಶ ಬಂತು. ಪಾಸಾಗಲು ಮೂವತ್ತೈದು ಬೇಕಿತ್ತು, ಸಾಯಬಣ್ಣನಿಗೆ ಬಂದದ್ದು ಮೂವತ್ತಾರು. ಅವನು ಬೈಯುವುದನ್ನು ಮರೆತ, ಅವಳು ತನ್ನ ತಪ್ಪನ್ನು ಮರೆಯಲಿಲ್ಲ. ಮುಂದಿನ ಏಪ್ರಿಲ್‌ನಿಂದ ಪರೀಕ್ಷೆ ಬರೆದು ಬಂದವನು ಪೇಪರು ಹಿಡಿದು ಒಂದನೆಯ ಪ್ರಶ್ನೆಯಿಂದ ಕೊನೆಯದರ ತನಕ ಓದಿ ಹೇಳಬೇಕು. ಆಮೇಲೆ ತಾಟು.

"ರೊಟ್ಟಿ ಆರತಾವವ್ವ," ಎಂದು ಹುಡುಗರು ಗೊಣಗುತ್ತಿದ್ದರು.

"ಆರಲಿ. ಸಸಾರದ್ದು ಬಿಡಬ್ಯಾಡ, ಹೇಳು."