ಗಣಪತಿ ಸ್ಟಿಕ್ಕರಿನ ಹಿಂದಿದ್ದ ಮುಳ್ಳು

ಆ ಮೆಕ್ಯಾನಿಕ್ಕನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ಅಕ್ಕ ಶಿಕಾರಿಪುರದಿಂದ ಸೊರಬದ ಶಾಲೆಗೆ ದಿನವೂ ಕಾರಿನಲ್ಲಿ ಹೋಗಿ ಪಾಠ ಮಾಡಿ ಬರುತ್ತಿದ್ದಳು. ಹಳೆಯ ಪೆಟ್ರೋಲ್ ಕಾರು. ಅವಳು ಡ್ರೈವಿಂಗ್ ಕಲಿತು ವರ್ಷವಾಗಿರಲಿಲ್ಲ. ಬೇಸಿಗೆಯಲ್ಲಿ, ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರಿನ ಮುಳ್ಳು ಸುಮ್ಮಸುಮ್ಮನೆ ಕುಣಿಯತೊಡಗಿತು. ಭಾವ ಅದನ್ನು ಶಿಕಾರಿಪುರದ ತಮ್ಮ ಕಾಯಂ ಮೆಕ್ಯಾನಿಕ್ಕನಿಗೆ ತೋರಿಸಿದರು. ಆತ ಬಾನೆಟ್ ಕೂಡ ಎತ್ತಲಿಲ್ಲ.

“ಮೀಟರ್ ಕೆಟ್ಟೈತ್ರೀ. ಇದಿಲ್ದಿದ್ರೆ ಗಾಡಿ ಓಡಲ್ಲೇನು? ನೋಡ್ತಾ ಕುಂತ್ರೆ ಮೇಡಮ್ಮೋರಿಗೆ ತಲೆ ತಿರುಗ್ತೈತಿ, ಅಷ್ಟೇ” ಎಂದವನೇ ಆ ಮೀಟರಿನ ಗಾಜಿನ ಮೇಲೆ ಗಣಪತಿಯ ದೊಡ್ಡ ಸ್ಟಿಕ್ಕರ್ ಅಂಟಿಸಿದ. ರಿಪೇರಿ ಮುಗಿಯಿತು. ದೇವರು ಬಂದು ಕೂತ ಮೇಲೆ ಕೀಳುವವರು ಯಾರು? ಅಕ್ಕ ದಿನಾ ಕೀಲಿ ತಿರುಗಿಸುವ ಮೊದಲು ಅದನ್ನೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಆ ದಿನ ನಾನು ಅವಳ ಪಕ್ಕದಲ್ಲಿದ್ದೆ. ಉಡುತಡಿಯ ಕಡೆ ತಿರುಗುವ ದಾರಿ ದಾಟಿದ ಮೇಲೆ, ಮೆಕ್ಕೆಜೋಳದ ಚೀಲ ಹೇರಿಕೊಂಡ ಟ್ರ್ಯಾಕ್ಟರೊಂದನ್ನು ಅಕ್ಕ ಹಿಂದಿಕ್ಕಲು ಹೋದಳು. ಅದರ ಸಮಕ್ಕೆ ಬಂದಾಗ ನಮ್ಮ ಎಂಜಿನ್ ನಿಂತಿತು. ಟ್ರೇಲರಿನ ಸರಪಳಿಯ ಕಿಣಿಕಿಣಿ ಸ್ಪಷ್ಟವಾಗಿ ಕೇಳಿಸಿತು. ಎದುರಿಗೆ ಬಸ್ಸು. ಎಂಜಿನ್ ನಿಂತಿದ್ದರಿಂದ ಸ್ಟೀರಿಂಗ್ ಕಲ್ಲಿನಂತಾಗಿತ್ತು. ಅಕ್ಕ ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಹಾಕಿ ಅದನ್ನು ಬಲಕ್ಕೆ ಎಳೆದಳು. ಕಾರು ಆಚೆ ಬದಿಯ ಚರಂಡಿಗೆ ಮೂತಿ ಊರಿತು. ಬಸ್ಸು ನನ್ನ ಕಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಅಕ್ಕನ ಬೆರಳುಗಳನ್ನು ಸ್ಟೀರಿಂಗಿನಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಈಗಲೂ ರಸ್ತೆಯಲ್ಲಿ ಸರಪಳಿಯ ಸದ್ದು ಕೇಳಿದರೆ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ.

ಭಾವನ ಜೊತೆ ಅದೇ ಮೆಕ್ಯಾನಿಕ್ ಬಂದ. ಅಷ್ಟರಲ್ಲಿ ತಣ್ಣಗಾಗಿದ್ದ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

“ಗಾಡೀಲಿ ಏನೂ ಇಲ್ರೀ” ಎಂದ, ನೆರೆದವರಿಗೆಲ್ಲ ಕೇಳುವಂತೆ. “ಹೆಣ್ಮಕ್ಳು, ಗಾಬರಿಬಿದ್ದು ಆಫ್ ಮಾಡ್ಕೊಂಡಾರೆ. ಒಂದು ಸ್ಕೂಟಿ ಕೊಡ್ಸಿಬಿಡ್ರಿ ಸರ.”

ಜನ ನಕ್ಕರು. ಭಾವ ನಗಲಿಲ್ಲ, ಆದರೆ ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಮರುದಿನದಿಂದ ಅಕ್ಕ ಶಾಲೆಗೆ ಬಸ್ಸು ಹತ್ತಿದಳು. “ನಾನೇ ಏನೋ ಮಾಡಿದ್ನೇನೋ ಕಣೇ?” ಎಂದು ಊಟದ ನಡುವೆ ಕೇಳುತ್ತಿದ್ದಳು. ನಮ್ಮಿಬ್ಬರ ಜೀವ ಉಳಿಸಿದವಳು ಕೇಳುವ ಪ್ರಶ್ನೆಯೇ ಅದು? ಅವನಿಗೆ ತಕ್ಕ ಶಾಸ್ತಿ ಮಾಡುತ್ತೇನೆ ಎಂದು ನಾನು ನಿರ್ಧರಿಸಿದ್ದು ಆ ತಟ್ಟೆಯ ಮುಂದೆಯೇ.

ಮುರಿದ ಕನ್ನಡಿ ಹಾಕಿಸುವ ನೆಪ ಹೇಳಿ ಕಾರನ್ನು ಸೊರಬಕ್ಕೆ ಎಳೆಸಿಕೊಂಡು ಹೋದೆ, ಓಡಿಸುವ ಧೈರ್ಯವಿರಲಿಲ್ಲ. ಅಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ವಯಸ್ಸಾದ ಸಾಹೇಬರೊಬ್ಬರಿದ್ದಾರೆ. ಅವರು ಸ್ಟಿಕ್ಕರ್ ನೋಡಿ ಕೈ ಹಿಂದೆಗೆದರು.

“ನೀವೇ ಕೀಳ್ರಮ್ಮ. ನಾನ್ ಕಿತ್ರೆ ನಿಮ್ ದೇವ್ರು ಸುಮ್ನಿರ್ತಾನೆ, ಊರು ಸುಮ್ನಿರಲ್ಲ.”

ಮೆಲ್ಲಗೆ ಬಿಡಿಸಿ ಬ್ಯಾಗಿಗೆ ಹಾಕಿಕೊಂಡೆ. ಅವರು ಬೇರೆ ಕಾರಿನ ಮೀಟರೊಂದನ್ನು ಅದೇ ವೈರಿಗೆ ಜೋಡಿಸಿ ಎಂಜಿನ್ ಓಡಲು ಬಿಟ್ಟರು. ಚೆನ್ನಾಗಿ ಬಿಸಿಯಾದ ಮೇಲೆ ಎರಡೂ ಮುಳ್ಳು ನಡುಗಿದವು, ಒಟ್ಟಿಗೇ ಸೊನ್ನೆಗೆ ಬಿದ್ದವು. ಎಂಜಿನ್ ನಿಂತಿತು.

“ಎರಡೂ ಮೀಟರ್ ಮಾತಾಡ್ಕೊಂಡು ಸುಳ್ಳು ಹೇಳ್ತವಾ?” ಎಂದು ನಕ್ಕು, ಎಂಜಿನ್ನಿನ ಪಕ್ಕದಲ್ಲಿದ್ದ ಹೆಬ್ಬೆರಳಿನಷ್ಟು ಉದ್ದದ ಸೆನ್ಸರ್ ಮೇಲೆ ಒಂದು ಲೋಟ ನೀರು ಸುರಿದರು. ಕೀಲಿ ತಿರುಗಿಸಿದರೆ ಕಾರು ತಕ್ಷಣ ಸ್ಟಾರ್ಟ್! “ಎಂಜಿನ್ ತಿರುಗ್ತಿದೆ ಅಂತ ಸುದ್ದಿ ಕೊಡೋದು ಇದು. ಬಿಸಿಯಾದ್ರೆ ಇದರ ಬಾಯಿ ಕಟ್ಟುತ್ತೆ, ಎಂಜಿನ್ ನಿಲ್ಲುತ್ತೆ. ಮುಳ್ಳು ಪಾಪ ಅವತ್ತಿಂದ ಅದನ್ನೇ ಹೇಳ್ತಿತ್ತು.”

ಈ ಕೆಟ್ಟ ಸೆನ್ಸರನ್ನೇ ಇಟ್ಟು ಆ ಮೆಕ್ಯಾನಿಕ್ಕನನ್ನು ಕೂರಿಸಿಕೊಂಡು ಅದೇ ಜಾಗಕ್ಕೆ ಹೋಗುತ್ತೇನೆ ಎಂದೆ. ನಿಜಕ್ಕೂ ಹೋಗುತ್ತಿದ್ದೆ.

“ಕೆಟ್ಟ ಗಾಡಿ ನಾನ್ ರೋಡಿಗೆ ಬಿಡಲ್ಲ” ಎಂದು ಸಾಹೇಬರು ಹೊಸ ಸೆನ್ಸರ್ ಹಾಕಿ, ಹಳೆಯದನ್ನು ನನ್ನ ಕೈಗಿಟ್ಟರು. “ತೋರಿಸ್ಬೇಕಾದ್ರೆ ನಿಂತ ಗಾಡೀಲಿ ತೋರಿಸ್ರಮ್ಮ.”

ಭಾನುವಾರ, ಆ ಮೆಕ್ಯಾನಿಕ್ಕನ ಶೆಡ್ಡಿನ ತುಂಬ ಗಿರಾಕಿಗಳಿದ್ದ ಹೊತ್ತಿಗೆ, ಅಕ್ಕ ಭಾವ ಇಬ್ಬರನ್ನೂ ಕರೆದೊಯ್ದೆ. “ಗಾಡೀಲಿ ಏನೂ ಇಲ್ಲ ಅಂದಿದ್ರಲ್ಲ, ಇದನ್ನೇ ಹಾಕಿ ತೋರಿಸ್ರಿ” ಎಂದು ಹಳೆಯ ಸೆನ್ಸರನ್ನು ಅವನ ಕೈಯಿಂದಲೇ ಹಾಕಿಸಿ, ಎಂಜಿನ್ ಓಡಲು ಬಿಟ್ಟು, ಎಲ್ಲರನ್ನೂ ಕಾರಿನ ಸುತ್ತ ನಿಲ್ಲಿಸಿದೆ.

“ಎಷ್ಟ್ ಚಂದ ಓಡ್ತೈತಿ ನೋಡ್ರಿ” ಎಂದ ಅವನು.

ಚಹಾ ಬಂತು. ಲೋಟ ಖಾಲಿಯಾಗುವ ಮೊದಲೇ ಮುಳ್ಳು ನಡುಗಿ ಬಿತ್ತು. ಎಂಜಿನ್ ಸತ್ತಿತು. ಡ್ರೈವರ್ ಸೀಟು ಖಾಲಿಯಿತ್ತು.

“ಈಗ ಯಾವ ಹೆಣ್ಮಗಳು ಗಾಬರಿಬಿದ್ಲು ರೀ?” ಎಂದೆ.

ಈ ಸಲವೂ ಜನ ನಕ್ಕರು. ಅವನು ಭಾವನ ಕಡೆ ತಿರುಗಿ “ತಪ್ಪಾತ್ರೀ ಸರ” ಎಂದ.

“ಅವರಿಗಲ್ಲ. ಆ ಕಡೆ ಹೇಳ್ರಿ” ಎಂದು ಅಕ್ಕನತ್ತ ಕೈ ತೋರಿಸಿದೆ.

ನೆಲ ನೋಡುತ್ತ ಅಕ್ಕನಿಗೆ ಹೇಳಿದ. ಅಕ್ಕ ಹೊಸ ಸೆನ್ಸರನ್ನು ಅವನಿಂದ ಮತ್ತೆ ಹಾಕಿಸಿಕೊಂಡು, ಭಾವನ ಮುಂದೆ ಅಂಗೈ ಚಾಚಿದಳು. ಭಾವ ಕೀಲಿ ಕೊಟ್ಟು, ತಾವೇ ಹೋಗಿ ಹಿಂದಿನ ಸೀಟಿನಲ್ಲಿ ಕೂತರು.

ನನಗೆ ಮಾತ್ರ ಅಷ್ಟು ಸಾಲಲಿಲ್ಲ. ಶೆಡ್ಡಿನ ಗೋಡೆಯ ಮೇಲೆ ಅವನು ತಲೆ ಬಾಚಿಕೊಳ್ಳುವ ಕನ್ನಡಿಯಿತ್ತು. ಬ್ಯಾಗಿನಿಂದ ಗಣಪತಿಯನ್ನು ತೆಗೆದು, ಮುಖ ಕಾಣುವ ಜಾಗಕ್ಕೆ ಸರಿಯಾಗಿ, ಗಮ್ ಹಚ್ಚಿ ಒತ್ತಿ ಬಂದೆ. ಧೈರ್ಯವಿದ್ದರೆ ಕೀಳಲಿ.