ನನ್ನ ಸಭ್ಯ ಅನುವಾದ

ನಾನು ಸೇನೆಯಲ್ಲಿ ಗುಮಾಸ್ತನಾಗಿದ್ದಾಗ ನಮ್ಮ ತುಕಡಿಯಲ್ಲಿ ಕನ್ನಡ ಬಲ್ಲವರು ಇಬ್ಬರೇ: ರೋಣದ ನಾನು, ಗಜೇಂದ್ರಗಡದ ಒಬ್ಬ ಸಿಪಾಯಿ. ಅಡುಗೆಯವನು ಬೇರೆ ಧರ್ಮದವನು. ಯಾವುದೆಂದು ಈಗಲೂ ಬರೆಯುವುದಿಲ್ಲ, ಅಭ್ಯಾಸ. ಅವನು ಬಡಿಸುವಾಗಲೆಲ್ಲ ಸಿಪಾಯಿ, "ಈ ಮಂದೀನ ಸಾಲಾಗಿ ನಿಲ್ಲಿಸಿ ಗುಂಡ ಹಾಕಬೇಕ್ರಿ ಅಣ್ಣಾರ" ಅನ್ನುತ್ತಿದ್ದ. ಏನಂದನೆಂದು ಸಾಹೇಬರು ಕೇಳಿದರೆ, "ಊರಿನ ಜೋಳದ ರೊಟ್ಟಿ ನೆನಪಾಯಿತಂತೆ" ಎನ್ನುತ್ತಿದ್ದೆ. ಧರ್ಮದ ಮಾತೆತ್ತಿ ಯಾರ ಮನಸ್ಸನ್ನೂ ನೋಯಿಸಬಾರದೆಂದು ಸಾಹೇಬರದೇ ಸುತ್ತೋಲೆಯಿತ್ತು. ಟೈಪ್ ಮಾಡಿದವನು ನಾನೇ.

ಒಂದು ದಿನ ಸಿಪಾಯಿ ಅಡುಗೆಯವನ ಕಾಲಿಗೆ ಗುಂಡು ಹಾರಿಸಿದ. ಮೊದಲೇ ಯಾರಿಗೂ ಸುಳಿವು ಸಿಗಲಿಲ್ಲವೇ ಎಂದು ವಿಚಾರಣೆಯಲ್ಲಿ ಕೇಳಿದರು. ಸಿಪಾಯಿ ಗಾಬರಿಯಲ್ಲಿ ಕನ್ನಡದಲ್ಲೇ, "ದಿನಾ ಈ ಅಣ್ಣಾರ ಮುಂದ ಹೇಳತಿದ್ನಲ್ರಿ" ಅಂದ.

ಸಾಹೇಬರು ನನ್ನತ್ತ ತಿರುಗಿದರು.

"ಭಾರೀ ಪಶ್ಚಾತ್ತಾಪವಾಗಿದೆಯಂತೆ, ಸಾಹೇಬರೇ" ಎಂದೆ.