ಅಳೆದ ದಿನ ಕತ್ತರಿಸುವುದಿಲ್ಲ

ಬೀದಿಯವರು ಅವಳಿಗೆ ಇಟ್ಟ ಹೆಸರು ನಾಳೆಯಮ್ಮ. ಹೊಲಿಗೆಯವಳು, ಅಳತೆ ತೆಗೆದುಕೊಂಡ ದಿನ ಯಾರ ಬಟ್ಟೆಗೂ ಕತ್ತರಿ ಹಾಕುವವಳಲ್ಲ. ಮಗು ಹುಟ್ಟಿದ ಹೊಸದರಲ್ಲಿ, ನಿದ್ದೆಗೆಟ್ಟ ಕಣ್ಣಲ್ಲಿ, ಗಿರಾಕಿ ಬಾಗಿಲಲ್ಲೇ ನಿಂತು "ಬೇಗ, ಬೇಗ" ಅಂದಳೆಂದು ಅಳೆದ ಕೈಯಲ್ಲೇ ಕತ್ತರಿಸಿ, ಚೆಂದದ ಬಟ್ಟೆಯೊಂದನ್ನು ನೆಲ ಒರೆಸಲು ಲಾಯಕ್ಕು ಮಾಡಿಟ್ಟಿದ್ದಳು. ಅಂದಿನಿಂದ ಇಂದು ಅಳತೆ, ನಾಳೆ ಇನ್ನೊಮ್ಮೆ ಅಳತೆ, ಆಮೇಲೆ ಕತ್ತರಿ. ಗಿರಾಕಿಗಳು ಗೊಣಗುತ್ತಾರೆ, ಆದರೆ ಬರುವುದು ಅವಳ ಹತ್ತಿರವೇ.

ಅವಳ ಗಂಡ ಎತ್ತರದ ಕಟ್ಟಡಗಳ ಗಾಜು ತೊಳೆಯುವವನು. ಹಗ್ಗದಲ್ಲಿ ನೇತಾಡುತ್ತಾ ಒಂದೊಂದೇ ಅಂತಸ್ತು ಇಳಿಯುವ ಕೆಲಸ. ಈಚೆಗೆ ಅವನ ಜೊತೆಯವನೊಬ್ಬ ಬಿದ್ದು ತೀರಿಕೊಂಡ ಮೇಲೆ, ಗಾಳಿಗೆ ಕಿಟಕಿ ಬಡಿದುಕೊಂಡರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಜೀವವಿಮೆ ಮಾಡಿಸಲೇಬೇಕು ಎಂದು ಹಟ ಹಿಡಿದವಳು ಅವಳೇ. ಆ ಮಾತು ಗಂಡನ ಅಕ್ಕನ ಕಿವಿಗೂ ಬಿತ್ತು. ಅತ್ತಿಗೆ ವಿಮೆ ಏಜೆಂಟ್. ಹೆರಿಗೆಯಾದಾಗ ಇದೇ ಅತ್ತಿಗೆ ಬಂದು ನಿಂತು, ಮಗುವಿನ ಬಟ್ಟೆ ಒಗೆದು, ಇವಳ ಬಾಯಿಗೆ ತುತ್ತಿಟ್ಟಿದ್ದಳು. ಅಂಥವಳಿಗೆ ಬೇಡ ಅನ್ನುವುದು ಹೇಗೆ?

ಅತ್ತಿಗೆ ಬಂದವಳೇ ಹೊಲಿಗೆ ಮಿಷನ್ನಿನ ಮೇಲೆ ಅರ್ಜಿ ಹರಡಿದಳು. "ಅವನು ಬೆಳಿಗ್ಗೆನೇ ಸಹಿ ಹಾಕ್ಕೊಟ್ಟ. ಮೊದಲ ಕಂತು ನೀನು ಕೊಟ್ಬಿಡು. ಕಟ್ಟಿದ್ದೆಲ್ಲ ಕೊನೆಗೆ ವಾಪಸ್, ಮೇಲೆ ಬೋನಸ್ ಬೇರೆ!"

"ಕೊನೆ ಮಾತು ಇರಲಿ ಅತ್ತಿಗೆ. ನಾಳೆ ಅವರಿಗೆ ಏನಾದ್ರೂ..."

"ಬಿಡ್ತು ಅನ್ನು!"

"ಬಿಡ್ತು. ಆದ್ರೂ ಹೇಳಿ, ಎಷ್ಟು ಬರತ್ತೆ?"

ಅತ್ತಿಗೆ ಹೇಳಿದಳು. ಬಾಡಿಗೆ, ಹಾಲು, ಔಷಧಿ ಎಂದು ಇವಳು ಮನಸ್ಸಿನಲ್ಲೇ ಹರಡಿ ನೋಡಿದಳು. ಮಗು ಶಾಲೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಕರಗಿಹೋಗುವ ಮೊತ್ತ. ಕಣ್ಣು ಕೆಳಗಿನ ಸಾಲಿಗೆ ಇಳಿಯಿತು. ಉದ್ಯೋಗ: ಕಚೇರಿ ಮೇಲ್ವಿಚಾರಕ.

"ಇದ್ಯಾರು ಅತ್ತಿಗೆ?"

"ನಿನ್ನ ಗಂಡನೇ ಕಣೇ! ಹಗ್ಗ ಗಿಗ್ಗ ಅಂತ ಬರೆದ್ರೆ ಕಂತು ಏರತ್ತೆ, ನೂರೆಂಟು ಪ್ರಶ್ನೆ ಕೇಳ್ತಾರೆ. ಸುಮ್ನೆ ಕೊಡು, ನನ್ನ ತಿಂಗಳ ಲೆಕ್ಕಕ್ಕೆ ಇವತ್ತೇ ಕೊನೆ."

"ನಾಳೆ ಬನ್ನಿ ಅತ್ತಿಗೆ."

"ನನಗೂ ನಾಳೆನಾ? ನಾನೇನು ನಿನ್ನ ಗಿರಾಕಿನಾ?" ಅತ್ತಿಗೆಯ ನಗು ಆರಿತು. "ಈಗ ಅವನು ಹಗ್ಗದ ಮೇಲಿದ್ದಾನೆ. ಸಂಜೆಯೊಳಗೆ ಏನಾದ್ರೂ ಆದ್ರೆ ನೀನೇ ಹೊಣೆ."

ಇವಳ ಕೈ ತಾನಾಗಿಯೇ ಹಣದ ಡಬ್ಬಿಗೆ ಹೋಯಿತು. ಮುಚ್ಚಳ ಅರ್ಧ ತೆರೆದೂ ಬಿಟ್ಟಳು. ನೆಲದ ಮೇಲೆ ಮಗು ಅಳತೆಪಟ್ಟಿಯನ್ನು ಬಾಯಿಗಿಟ್ಟು ಚೀಪುತ್ತಿತ್ತು. ಅದನ್ನು ಮೆಲ್ಲನೆ ಬಿಡಿಸಿಕೊಳ್ಳಲು ಬಗ್ಗಿದವಳು, ಡಬ್ಬಿ ಮುಚ್ಚಿಯೇ ಎದ್ದಳು.

"ನಾಳೆ, ಅತ್ತಿಗೆ."

ಅತ್ತಿಗೆ ಮಗುವಿಗೆ ಮುತ್ತನ್ನೂ ಕೊಡದೆ ಹೋದಳು.

ಆಮೇಲೆ ಇವಳು ವಿಮೆ ಕಂಪನಿಗೇ ಫೋನ್ ಮಾಡಿದಳು. ನಿಜವಾದ ಕೆಲಸ ಮುಚ್ಚಿಟ್ಟರೆ ಹಣ ಕೊಡದೆಯೂ ಇರಬಹುದು ಎಂದಿತು ಆ ಕಡೆಯ ಹೆಣ್ಣುದನಿ. ವಾಪಸಿನ ಆಸೆ ಇಲ್ಲದ ಬರೀ ವಿಮೆಯಾದರೆ ಅದೇ ಕಂತಿಗೆ ಎಷ್ಟೋ ಪಾಲು ಹೆಚ್ಚು ರಕ್ಷಣೆಯಂತೆ. ಇವತ್ತು ದುಡ್ಡು ಕಟ್ಟಿದರೂ ಅವರು ಅರ್ಜಿ ಒಪ್ಪುವವರೆಗೆ ವಿಮೆ ಶುರುವಾಗುವುದಿಲ್ಲವಂತೆ.

ಅಂದರೆ ಇವತ್ತಿನ ಸಂಜೆಗೂ ಆ ಕಾಗದಕ್ಕೂ ಸಂಬಂಧವೇ ಇರಲಿಲ್ಲ. ಇಷ್ಟು ತಿಳಿದರೂ ಎದೆ ಕೇಳಬೇಕಲ್ಲ. ಗಂಡ ಬರುವ ಹೊತ್ತು ಮೀರಿತು. ಫೋನ್ ಎತ್ತಲಿಲ್ಲ. ನೀನೇ ಹೊಣೆ, ನೀನೇ ಹೊಣೆ ಎಂದು ಮಿಷನ್ನಿನ ಸೂಜಿಯೇ ಕುಟ್ಟಿದಂತಾಗಿ ಹೊಲಿಯುವುದನ್ನು ನಿಲ್ಲಿಸಿದಳು. ಮಗುವನ್ನು ಎತ್ತಿಕೊಂಡು ಬಾಗಿಲಿಗೂ ಕಿಟಕಿಗೂ ಅಲೆದಳು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಸೋಪಿನ ವಾಸನೆಯೊಂದಿಗೆ ಗಂಡ ಒಳಗೆ ಬಂದ.

"ಏನೇ, ಯಾಕೆ ಹಿಂಗಿದ್ದೀಯ? ಬಸ್ಸು ಕೆಟ್ಟಿತ್ತು, ಫೋನಲ್ಲಿ ಚಾರ್ಜಿರಲಿಲ್ಲ."

ಇವಳು ಎಲ್ಲ ಹೇಳಿದಳು. ಅವನು ತಲೆ ಕೆರೆದುಕೊಂಡ. "ಅಕ್ಕ ಕೊಟ್ಟಿದ್ದಲ್ವಾ ಅಂತ ಓದದೇ ಸಹಿ ಹಾಕ್ದೆ."

"ಅಕ್ಕ ಕೊಟ್ಟ ಹಗ್ಗ ಅಂತ ಎಳೆದು ನೋಡದೇ ಇಳೀತೀರೇನ್ರೀ?"



ಮರುದಿನ ಅತ್ತಿಗೆ ಮುಖ ಊದಿಸಿಕೊಂಡೇ ಬಂದಳು. ಇವಳು ಮಗುವನ್ನು ಅವಳ ಮಡಿಲಿಗೆ ಹಾಕಿ, "ನಿಮ್ಮ ಹತ್ತಿರಾನೇ ಮಾಡಿಸ್ತೀವಿ. ಹಗ್ಗದ ಕೆಲಸ ಅಂತಾನೇ ಬರೀರಿ. ವಾಪಸ್ಸು ಬೇಡ, ಬರೀ ವಿಮೆ ಸಾಕು" ಎಂದಳು.

"ಅದರಲ್ಲಿ ನನಗೇನು ಕಮಿಷನ್ ಸಿಗತ್ತೆ ಮಣ್ಣು!" ಎಂದು ಬಾಯಿ ಜಾರಿದ ಅತ್ತಿಗೆ ತುಟಿ ಕಚ್ಚಿಕೊಂಡಳು. ಮಗು ಅವಳ ಮೂಗು ಹಿಡಿದು ಎಳೆಯಿತು. ಅತ್ತಿಗೆ ಅದರ ಕೈ ಬಿಡಿಸಿ, ಬ್ಯಾಗು ತೆರೆದು ಹೊಸ ಅರ್ಜಿ ತೆಗೆದಳು. "ಡಾಕ್ಟರ್ ಪರೀಕ್ಷೆ ಆಗ್ಬೇಕು. ಅವರು ಒಪ್ಪೋಕೆ ವಾರಗಳೇ ಹಿಡೀಬಹುದು. ಅಲ್ಲಿವರೆಗೆ?"

ಹೊರಗೆ ಗಾಳಿ ಎದ್ದಿತ್ತು. ಉದ್ಯೋಗದ ಸಾಲಿನಲ್ಲಿ ಅತ್ತಿಗೆ ಬರೆದ 'ಹಗ್ಗದ ಮೇಲೆ ಗಾಜು ತೊಳೆಯುವುದು' ಎಂಬುದನ್ನು ಇವಳು ಒಮ್ಮೆ ಓದಿದಳು, ಇನ್ನೊಮ್ಮೆ ಓದಿದಳು. ಆಮೇಲೆ ಹೋಗಿ ಬಡಿದುಕೊಳ್ಳುತ್ತಿದ್ದ ಕಿಟಕಿಯ ಚಿಲಕ ಹಾಕಿದಳು.